ಬಿಗಿ ಮಾಮ ಎಳೆದ ಎರಡನೇ ಗೆರೆ

ನನ್ನ ಗಂಡನನ್ನು ಆಟಗಾರರೆಲ್ಲ ಬಿಗಿ ಮಾಮ ಅಂತಲೇ ಕರೆಯುತ್ತಿದ್ದರು. ಬ್ಯಾಡ್ಮಿಂಟನ್ ರಾಕೆಟ್ಟಿಗೆ ಗಟ್, ಅಂದರೆ ಬಲೆಯ ದಾರ, ಬಿಗಿಯುವುದು ಅವರ ಕಸುಬು. ಬಾಯಿಯೂ ಅಷ್ಟೇ ಬಿಗಿ. ಮೂವತ್ತು ವರ್ಷ ಸಂಸಾರ ಮಾಡಿದ ನನ್ನ ಹತ್ತಿರವೇ ಅಳೆದು ತೂಗಿ ಮಾತಾಡುತ್ತಿದ್ದರು. ಕೋರ್ಟಿನ ಪಕ್ಕದ ಕೋಣೆಯಲ್ಲಿ ಅವರು ಗಟ್ ಹಾಕಿದರೆ ನಾನು ಹಿಡಿಗೆ ಗ್ರಿಪ್ ಸುತ್ತುತ್ತಿದ್ದೆ. ಬೆವರಿದ ಬೂಟುಗಳ ವಾಸನೆಗೆ ಇಬ್ಬರ ಮೂಗೂ ಒಗ್ಗಿಹೋಗಿತ್ತು.

ಅವರದೊಂದು ಪದ್ಧತಿ ಇತ್ತು. ಹಳೇ ಗಟ್ ಕತ್ತರಿಸುವ ಮೊದಲು ರಾಕೆಟ್ಟನ್ನು ರಟ್ಟಿನ ಮೇಲಿಟ್ಟು, ಪೆನ್ಸಿಲಿನಿಂದ ತಲೆಯ ಸುತ್ತ ಗೆರೆ ಎಳೆಯುವುದು. ಹೊಸ ಗಟ್ ಹಾಕಿದ ಮೇಲೆ ಅದೇ ಗೆರೆಯ ಮೇಲಿಟ್ಟು ತೋರಿಸುವುದು. ಫ್ರೇಮು ಕೂದಲೆಳೆಯಷ್ಟೂ ಆಚೀಚೆ ಆಗಿರುತ್ತಿರಲಿಲ್ಲ. ಆ ರಟ್ಟು ನೋಡಿ ಜನ ಕಣ್ಣುಮುಚ್ಚಿ ನಂಬುತ್ತಿದ್ದರು.

ಆಮೇಲೆ ಕಣ್ಣಿಗೆ ಪೊರೆ ಬಂತು. "ಡಾಕ್ಟರ್ ಹತ್ರ ಹೋಗೋಣ ಬನ್ನಿ" ಅಂದರೆ, "ನನ್ನ ಬೆರಳಿಗೇ ಕಣ್ಣಿದೆ, ಸುಮ್ನಿರು" ಅಂತ ಗದರಿಸುತ್ತಿದ್ದರು. ಹಟಮಾರಿ ಮನುಷ್ಯ. ಹೇಳಿ ಹೇಳಿ ನನಗೂ ಸಾಕಾಯಿತು.

ಒಂದು ಬೆಳಿಗ್ಗೆ ಪೋಸ್ಟ್‌ಮನ್ನರ ಮಗಳು ರಾಕೆಟ್ ಕೊಟ್ಟುಹೋದಳು. ಮರುದಿನವೇ ಜಿಲ್ಲಾ ತಂಡದ ಆಯ್ಕೆ ಪಂದ್ಯಗಳು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ಅವಕಾಶ. ಇದ್ದದ್ದೂ ಒಂದೇ ರಾಕೆಟ್.

ಗಟ್ ಬಿಗಿಯುವ ಯಂತ್ರದಲ್ಲಿ ರಾಕೆಟ್ಟಿನ ತಲೆಯನ್ನು ಸುತ್ತಲೂ ಅದುಮಿ ಹಿಡಿಯುವ ಆಸರೆಗಳಿರುತ್ತವೆ. ಪಕ್ಕದ ಎರಡರ ತಿರುಪು ಸಡಿಲ ಉಳಿದದ್ದು ಅವರಿಗೆ ಕಾಣಿಸಲಿಲ್ಲ. ಉದ್ದದ ಗಟ್ ಜಗ್ಗಿದ ಹಾಗೆಲ್ಲ ಫ್ರೇಮು ಗಿಡ್ಡವಾಗಿ ಪಕ್ಕಕ್ಕೆ ಉಬ್ಬಿತು. ಅಡ್ಡ ಗಟ್ ಹಾಕಿದರೂ ಸರಿಹೋಗಲಿಲ್ಲ. ರಟ್ಟಿನ ಮೇಲಿಟ್ಟು ಮೂಗು ತಾಗುವಷ್ಟು ಬಗ್ಗಿ ನೋಡಿದರು. ಎರಡೂ ಬದಿಗೆ ಫ್ರೇಮು ಬೆಂಕಿಕಡ್ಡಿಯ ದಪ್ಪದಷ್ಟು ಗೆರೆ ದಾಟಿತ್ತು.

ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅವರು ಹಳೇ ಗೆರೆ ಅಳಿಸಿ, ಉಬ್ಬಿದ ಫ್ರೇಮಿನ ಸುತ್ತ ಹೊಸದಾಗಿ ಎಳೆದರು. ಇಷ್ಟು ವರ್ಷದ ಹೆಸರು ಹಾಳಾಗುತ್ತದೆ ಅನ್ನುವ ಭಯ. ಸಂಜೆ ಬಂದ ಹುಡುಗಿಗೆ ಅದನ್ನೇ ತೋರಿಸಿದರು. ನಾನು ತಲೆ ಎತ್ತದೆ ಗ್ರಿಪ್ ಸುತ್ತುತ್ತಲೇ ಇದ್ದೆ. ನಿಜ ಹೇಳಿದ್ದರೆ ಬೇರೆ ರಾಕೆಟ್ ಹುಡುಕಿ ಕೈ ಪಳಗಿಸಿಕೊಳ್ಳಲು ಅವಳಿಗೆ ಇನ್ನೂ ಸಮಯವಿತ್ತು.

ಮೊದಲ ಪಂದ್ಯದಲ್ಲೇ ಉಬ್ಬಿದ ಫ್ರೇಮು ಹೊಡೆತ ತಾಳದೆ ಮುರಿಯಿತು. ಯಾರದೋ ರಾಕೆಟ್ ಇಸಿದುಕೊಂಡು ಆಡಿ ಸೋತಳು.

ಎರಡು ದಿನ ಬಿಟ್ಟು ಅವಳು ಬಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ದೇನೂ ತಪ್ಪಿಲ್ಲ ಮಾಮ" ಅಂದಳು. "ಗೆರೆಗೆ ಸರಿಯಾಗಿ ಕೂತಿದ್ದನ್ನ ನಾನೇ ನೋಡಿದ್ನಲ್ಲ. ನಾನೇ ಎಲ್ಲೋ ನೆಲಕ್ಕೆ ಬಡಿದಿರ್ಬೇಕು. ಕೇಳಿದವರಿಗೆಲ್ಲ ಹಾಗೇ ಹೇಳಿದ್ದೀನಿ."

ಈಗಲಾದರೂ ಬಾಯಿ ಬಿಡುತ್ತಾರೆ ಅಂತ ನಾನು ಅವರ ಮುಖವನ್ನೇ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು.

"ಇನ್ಮೇಲಾದ್ರೂ ನೋಡ್ಕೊಂಡು ಆಡಮ್ಮ" ಅಂದರು.

"ಹೂಂ ಮಾಮ" ಅಂತ ಅವಳು ತಲೆ ತಗ್ಗಿಸಿದಳು.