ಕುದುರೆ ವರ್ಷದ ಕೈ

೨೦೧೭ ಅಕ್ಟೋಬರ್ ೧೩, ಶುಕ್ರವಾರ. ಬೆಳಗಿನ ಉಷ್ಣಾಂಶ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ಹತ್ತು ಗಂಟೆಯವರೆಗೆ ಗಾಳಿ ಇರಲಿಲ್ಲ. ಅನಂತರ ವಾಯವ್ಯದಿಂದ ಎದ್ದು ರಸ್ತೆಯ ಮೇಲಿನ ಕಲ್ಲಿದ್ದಲ ಧೂಳನ್ನೆಲ್ಲ ದಕ್ಷಿಣಕ್ಕೆ, ಅಂದರೆ ಕಲ್ಲಿದ್ದಲನ್ನು ಕೊಳ್ಳುವವರ ಕಡೆಗೇ, ಸಾಗಿಸಿತು. ಗಡಿ ದಾಟಲು ಗಾಳಿಗೆ ಕಾಗದಪತ್ರ ಬೇಕಿರಲಿಲ್ಲ. ಯೋಂದೊನ್‌ಗೆ ಬೇಕಿತ್ತು. ಮಂಗೋಲ ನಾಡಿನ ಗಷೂನ್ ಸುಖಾಯಿತ್ ಗಡಿಯ ಕಲ್ಲಿದ್ದಲ ಲಾರಿಗಳ ಸಾಲಿನಲ್ಲಿ ಅಂದಿಗೆ ಅವನದು ಹನ್ನೊಂದನೆಯ ದಿನ.

ನೆರೆಯ ಚೀನೀಯರು ತಮ್ಮ ರಾಷ್ಟ್ರೀಯ ಹಬ್ಬಕ್ಕೆಂದು ಬಾಗಿಲು ಮುಚ್ಚಿ, ಎಂಟು ದಿನದ ಮೇಲೆ ತೆರೆದಿದ್ದರು. ಅಷ್ಟರಲ್ಲಿ ಸಾಲು ಗೋಬಿಯ ಬಯಲಿನಲ್ಲಿ ಕಣ್ಣಿಗೆ ಕಾಣುವಷ್ಟೂ ದೂರ ಬೆಳೆದಿತ್ತು. ಅದರೊಳಗೆ ಒಂದು ಊರಿಗೆ ಬೇಕಾದದ್ದೆಲ್ಲ ಹುಟ್ಟಿಕೊಂಡಿತ್ತು: ಇಸ್ಪೀಟಿನ ಮಂಡಲಿ, ಟೈರಿಗೆ ತೇಪೆ ಹಾಕುವವನು, ಎರಡು ವೈಮನಸ್ಯ, ಮತ್ತು ಹಳೆಯ ವ್ಯಾನಿನ ಹಿಂಬದಿಯಲ್ಲಿ ಬಾಣಲೆ ಇಟ್ಟುಕೊಂಡು ಮಾಂಸ ತುಂಬಿದ ಹುಶೂರ್ ಕರಿದು ಮಾರುವ ಖಾಂಡ್ಮಾ.

"ಏನ್ರೀ ಅರ್ಥಮಂತ್ರಿಗಳೇ," ಎಂದು ಖಾಂಡ್ಮಾ ಅವನ ಕಿಟಕಿಗೆ ಬಡಿದಳು. "ಇವತ್ತು ದೇಶ ಎಷ್ಟು ಮುಂದೆ ಹೋಯ್ತು?"

"ನಾನೂರು ಮೀಟರ್."

"ನಿನ್ನೆ ಮುನ್ನೂರೈವತ್ತೇ ಇತ್ತು. ಪ್ರಗತಿ ಅಂದ್ರೆ ಇದೇ ನೋಡಿ. ಎಷ್ಟು ಕೊಡ್ಲಿ, ಮೂರೋ ನಾಲ್ಕೋ?"

ಅರ್ಥಮಂತ್ರಿ ಎಂಬ ಬಿರುದು ಅವನಿಗೆ ಸುಮ್ಮನೆ ಬಂದದ್ದಲ್ಲ. ಯಾರು ಕೇಳಲಿ ಬಿಡಲಿ, ದೇಶದ ಹಣಕಾಸಿನ ಸ್ಥಿತಿಯನ್ನು ವಿವರಿಸದೆ ಯೋಂದೊನ್ ಚಹಾ ಮುಗಿಸುತ್ತಿರಲಿಲ್ಲ. "ಆ ಕಡೆಯೋರು ಕುಲುಮೆ ಹಚ್ಚಿದ್ರೆ ನಮ್ಮನೆ ಹಾಲು ಉಕ್ಕತ್ತೆ, ಆರಿಸಿದ್ರೆ ನಮ್ಮ ಒಲೇನೂ ಆರತ್ತೆ. ಇಷ್ಟೇ ಕಣಯ್ಯಾ ಅರ್ಥಶಾಸ್ತ್ರ," ಎಂದು ಅವನು ಹೇಳುತ್ತಿದ್ದ. ವಿಶ್ವವಿದ್ಯಾಲಯದವರು ಇದನ್ನೇ ಇನ್ನೂರು ಪುಟಗಳಲ್ಲಿ ಹೇಳಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಅವರ ಮೇಲೆ ಮರುಕಪಡುತ್ತಿದ್ದ.

ಆ ಜ್ಞಾನ ಅವನಿಗೆ ಬೆಲೆ ತೆತ್ತು ದೊರೆತದ್ದು. ಯೌವನದಲ್ಲಿ ಅವನು ಸರ್ಕಾರಿ ಪಶುಪಾಲನಾ ಕೇಂದ್ರದ ಹಾಲಿನ ಲಾರಿಯನ್ನು ಓಡಿಸುತ್ತಿದ್ದ. ಕೇಂದ್ರ ಮುಚ್ಚಿದಾಗ ಪಾಲಿಗೆ ಮೂವತ್ತು ಕುರಿಗಳು ಬಂದವು. ಸ್ಟಿಯರಿಂಗ್ ಇಲ್ಲದ ಯಾವುದನ್ನೂ ನಡೆಸಲು ತನಗೆ ಬಾರದೆಂದು ಆಗ ಅವನಿಗೆ ಗೊತ್ತಾಯಿತು. ೨೦೧೧ರಲ್ಲಿ ಕಲ್ಲಿದ್ದಲಿಗೆ ರೆಕ್ಕೆ ಬಂದು, ಜಗತ್ತೇ ಈ ದೇಶದತ್ತ ಕತ್ತು ಹೊರಳಿಸಿದಾಗ, ಅವನು ಸಾಲ ಮಾಡಿ ಒಂದು ಚೀನೀ ಲಾರಿಯನ್ನೂ, ಸಾಲ ಮಾಡದೆಯೇ ಒಂದು ಚರ್ಮದ ಕೋಟನ್ನೂ, ಹೆಂಡತಿ ಬಲ್ಜಿದ್ ಬೇಡವೆಂದರೂ ಒಂದು ದೊಡ್ಡ ಟೀವಿಯನ್ನೂ ಕೊಂಡ. ಅವರ ಗುಡಾರಕ್ಕೆ ಆಗ ವಿದ್ಯುತ್ತು ಬಂದಿರಲಿಲ್ಲ. ಎರಡು ವರ್ಷ ಟೀವಿಯ ಮೇಲೆ ಮೊಸರಿನ ಪಾತ್ರೆ ಇಡಲಾಗುತ್ತಿತ್ತು. ವಿದ್ಯುತ್ತು ಬರುವ ಹೊತ್ತಿಗೆ ಕಲ್ಲಿದ್ದಲ ಬೆಲೆ ಬಿದ್ದು, ಅದರ ಹಿಂದೆಯೇ ದೇಶದ ನಾಣ್ಯವಾದ ತುಗ್ರಿಕ್ ಬಿದ್ದು, ಲಾರಿ ಅಂಗಳದಲ್ಲಿ ನಿಂತಿತ್ತು. ಆಡಿನ ಮರಿಗಳು ಅದರ ನೆರಳನ್ನು ಮೆಚ್ಚಿಕೊಂಡವು. ಆ ವರ್ಷಗಳಲ್ಲಿ ಯೋಂದೊನ್ ಟೀವಿಯಲ್ಲಿ ವಾರ್ತೆ ನೋಡುತ್ತ ಅರ್ಥಮಂತ್ರಿಯಾದ.

ಈಗ ಬೆಲೆ ಮತ್ತೆ ಏರಿತ್ತು. ಆದರೆ ಆ ಶುಕ್ರವಾರ ಅವನ ಮನಸ್ಸಿನಲ್ಲಿ ಇದ್ದದ್ದು ಕಲ್ಲಿದ್ದಲಲ್ಲ, ಒಂದು ಹಿಡಿ ಕೂದಲು.

ಮಗಳ ಮಗಳು ಜುಲ್‌ಗೆ ನಾಲ್ಕು ವರ್ಷ ನಡೆಯುತ್ತಿತ್ತು. ಹುಟ್ಟುಗೂದಲನ್ನು ಇನ್ನೂ ತೆಗೆದಿರಲಿಲ್ಲ. ಹೆಣ್ಣುಮಕ್ಕಳಿಗೆ ಸಮ ವರ್ಷದಲ್ಲೇ ಆಗಬೇಕು, ಎರಡನೆಯದು ಆಗಲೇ ತಪ್ಪಿಹೋಗಿತ್ತು. ವರ್ಷಕ್ಕೂ ವೇಳೆಗೂ ಪ್ರಾಣಿಗಳ ಹೆಸರಿರುವ ಪಂಚಾಂಗವನ್ನು ಲಾಮಾ ನೋಡಿ ಶನಿವಾರ, ಹದಿನಾಲ್ಕು, ನಡುಹಗಲಿನ ಕುದುರೆಯ ವೇಳೆ ಎಂದಿದ್ದರು. ಮೊದಲ ಎಳೆಯನ್ನು ಕತ್ತರಿಸುವವರು ಕುದುರೆ ವರ್ಷದಲ್ಲಿ ಹುಟ್ಟಿರಬೇಕು. ಎರಡೂ ಕಡೆಯ ಬಳಗದಲ್ಲಿ ಹಾಗೆ ಹುಟ್ಟಿದವನು ಯೋಂದೊನ್ ಒಬ್ಬನೇ. ನೀಲಿ ರೇಷ್ಮೆಪಟ್ಟಿ ಕಟ್ಟಿದ ಹೊಸ ಕತ್ತರಿಯನ್ನು ತರುವ ಹೊಣೆಯನ್ನೂ ಅವನೇ ಕೇಳಿ ಹೊತ್ತುಕೊಂಡಿದ್ದ.

ಕೇಳಿ ಹೊತ್ತುಕೊಂಡದ್ದಕ್ಕೆ ಕಾರಣ ಬೀಗ ಶಾಗ್ದರ್. ಸಮಾರಂಭ ನಡೆಯಬೇಕಾದದ್ದು ಅವನ ಬಿಡಾರದಲ್ಲಿ. ನೂರಾ ಎಂಬತ್ತು ಒಂಟೆಗಳ ಒಡೆಯನಾದ ಅವನ ಪ್ರಕಾರ, ನೆಲದ ಮೇಲೆ ನಡೆಯುವುದು ಸಂಪತ್ತು, ನೆಲವನ್ನು ಅಗೆದು ತೆಗೆಯುವುದು ಕಳ್ಳತನ. ಮೊಮ್ಮಗಳಿಗೆ ಒಂದು ಬಿಳಿ ಒಂಟೆಮರಿ ಕೊಡುವುದಾಗಿ ಅವನು ಬೇಸಿಗೆಯಲ್ಲೇ ಸಾರಿದ್ದ. ಬಿಳಿ ಒಂಟೆಮರಿಯ ಮುಂದೆ ನಿಲ್ಲಬಲ್ಲದ್ದು ಮೊದಲ ಎಳೆಯ ಗೌರವವೊಂದೇ ಎಂಬುದು ಯೋಂದೊನ್‌ನ ಲೆಕ್ಕಾಚಾರ.

ಲಾರಿಯ ಸರದಿ ಮಧ್ಯಾಹ್ನ ಹನ್ನೆರಡಕ್ಕೆ ಬಂತು. ಗಡಿ ದಾಟಿ, ಸರಕು ಇಳಿಸಿ, ಸಂಜೆ ಐದರೊಳಗೆ ಖಾಲಿ ಲಾರಿಯಲ್ಲಿ ಈ ಕಡೆ ಬಂದರೆ, ಬೆಳಗಾಗುವುದರೊಳಗೆ ಬಿಡಾರದಲ್ಲಿರಬಹುದಿತ್ತು. ಆ ಕಡೆಯ ತಪಾಸಣೆಯ ಅಂಗಳದಲ್ಲಿ ಒಬ್ಬ ಎಳೆಯ ಅಧಿಕಾರಿ, ಇಸ್ತ್ರಿಯ ಗೆರೆ ಮುರಿಯದ ಸಮವಸ್ತ್ರದಲ್ಲಿ, ಮುದ್ರೆಗಳನ್ನು ಪರೀಕ್ಷಿಸುತ್ತ ಲಾರಿಯ ಬಳಿಗೆ ಬಂದ. ಯೋಂದೊನ್ ಬೆನ್ನು ತಿರುಗಿಸಿ ಮೆಟ್ಟಿಲಿಳಿದ. ಅವನ ಬೂಟು ನೆಲಕ್ಕೆ ತಾಗಲಿಲ್ಲ, ಅಧಿಕಾರಿಯ ಬೂಟಿಗೆ ತಾಗಿತು.

ಇನ್ನೊಬ್ಬರ ಕಾಲು ತುಳಿದ ಮಂಗೋಲನು ಮರುಕ್ಷಣವೇ ಅವರ ಕೈ ಹಿಡಿಯುತ್ತಾನೆ. ಹಿಡಿಯದಿದ್ದರೆ ಇಬ್ಬರ ನಡುವೆ ವೈರ ಬೆಳೆಯುತ್ತದೆ. ಇದು ಯೋಚಿಸಿ ಮಾಡುವ ಕೆಲಸವಲ್ಲ, ಸೀನು ಬಂದಂತೆ ಬರುತ್ತದೆ. ಕೈಗವಸು ಹಾಕಿದ ಕೈಯನ್ನು ಚಾಚುವುದು ಒರಟುತನವಾದ್ದರಿಂದ ಯೋಂದೊನ್ ಬಲಗೈಯ ಗವಸನ್ನು ಕಿತ್ತು, ಕೋಟಿನ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿಕೊಂಡು, ಅಧಿಕಾರಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಆದರದಿಂದ ಕುಲುಕಿದ.

ಮರೆತದ್ದು ಒಂದೇ. ಕತ್ತರಿ, ರೇಷ್ಮೆ ಮತ್ತು ಮೊಮ್ಮಗಳ ಕೋಟಿಗೆಂದು ತೆಗೆದಿಟ್ಟ ಯುವಾನ್ ನೋಟುಗಳು, ಡೀಸೆಲ್ ದುಡ್ಡಿನ ಜೊತೆ ಬೆರೆಯಬಾರದೆಂದು, ಅದೇ ಕೈಗವಸಿನೊಳಗೆ ಮಡಿಚಿಕೊಂಡಿದ್ದವು. ಈಗ ಅವು ಅಧಿಕಾರಿಯ ಅಂಗೈಯಲ್ಲಿ ಮಡಿಚಿಕೊಂಡಿದ್ದವು.

ಅಧಿಕಾರಿ ಪ್ರಾಮಾಣಿಕನಾಗಿದ್ದ. ಯೋಂದೊನ್‌ನ ದುರದೃಷ್ಟವೆಂದರೆ ಅದೇ. ಲಾರಿಯನ್ನು ಸಾಲಿನಿಂದ ಬದಿಗೆ ತೆಗೆಸಲಾಯಿತು. ಯೋಂದೊನ್‌ನನ್ನು ಒಂದು ಬೆಂಚಿನ ಮೇಲೆ, ನೋಟುಗಳನ್ನು ಒಂದು ತಟ್ಟೆಯ ಮೇಲೆ ಕೂರಿಸಲಾಯಿತು. ಮೂರೂವರೆ ಗಂಟೆಯ ನಂತರ ದುಭಾಷಿ ಬಂದಳು. ಗಡಿಯಾಚೆಯ ಉರದ್ ಸೀಮೆಯ ಮಂಗೋಲ ಹೆಂಗಸು, ದಪ್ಪ ಕನ್ನಡಕ, ಕೈಯಲ್ಲಿ ಚಹಾದ ಫ್ಲಾಸ್ಕು.

"ಯಾಕಣ್ಣಾ ದುಡ್ಡು ಕೊಟ್ಟೆ ಅವರಿಗೆ?"

"ಕೊಡ್ಲಿಲ್ಲ ತಾಯೀ. ಕಾಲು ತುಳಿದೆ."

"ಕಾಲು ತುಳಿದ್ರೆ ಆ ಕಡೆ ಇಷ್ಟು ರೇಟಾ ಈಗ? ಬೆಲೆ ಎಲ್ಲಾ ಏರಿದೆ ಅಂತ ಕೇಳಿದ್ದೆ."

"ತಮಾಷೆ ಮಾಡ್ಬೇಡಮ್ಮಾ. ನಾಳೆ ಮಧ್ಯಾಹ್ನ ಮೊಮ್ಮಗಳ ಕೂದಲು ತೆಗೀಬೇಕು. ಕುದುರೆ ವರ್ಷದೋನು ನಾನೊಬ್ನೇ ಇರೋದು."

ದುಭಾಷಿ ಫ್ಲಾಸ್ಕನ್ನು ಕೆಳಗಿಟ್ಟಳು. ಅವಳೂ ಎಂದೋ ಯಾರದೋ ಕತ್ತರಿಯ ಮುಂದೆ ತಲೆಯೊಡ್ಡಿ ಕೂತವಳೇ. ಅವಳು ಅಧಿಕಾರಿಯತ್ತ ತಿರುಗಿ ಬಹಳ ಹೊತ್ತು ಮಾತಾಡಿದಳು, ನಡುವೆ ಎದ್ದು ತನ್ನ ಕಾಲನ್ನೇ ತುಳಿದುಕೊಂಡೂ ತೋರಿಸಿದಳು. ಅಧಿಕಾರಿ ಗಂಭೀರನಾಗಿ ಕೇಳಿ ಏನೋ ಪ್ರಶ್ನಿಸಿದ.

"ಏನಂತೆ?" ಎಂದ ಯೋಂದೊನ್.

"ತನಿಖೆ ಫಾರಂ ತುಂಬ್ಲೇಬೇಕಂತೆ. ವಸ್ತುವಿನ ಹೆಸರು ಏನು ಬರೀಲಿ ಅಂತ ಕೇಳ್ತಿದಾರೆ. 'ಕೈಕುಲುಕು' ಅಂತ ಬರೆಸ್ತಿದೀನಿ. ಪ್ರಮಾಣ ಒಂದು. ಮೌಲ್ಯ ಏನೂ ಇಲ್ಲ."

"ಮೌಲ್ಯ ಇದೆ!"

"ಸುಮ್ನಿರಣ್ಣಾ, ಸುಂಕ ಹಾಕ್ತಾರೆ."

ಅಧಿಕಾರಿ ನೋಟುಗಳನ್ನು ಎರಡು ಬಾರಿ ಎಣಿಸಿ, ರಸೀದಿಯೊಡನೆ ಹಿಂದಿರುಗಿಸಿದ. ಕೊಡುವಾಗ ತನ್ನ ಬೂಟುಗಳನ್ನು ಒಂದು ಹೆಜ್ಜೆ ಹಿಂದಿಟ್ಟುಕೊಂಡಿದ್ದ.

ಸರಕು ಇಳಿಸುವಷ್ಟರಲ್ಲಿ ಮರಳುವ ಬಾಗಿಲು ಮುಚ್ಚಿತ್ತು. ಬೆಳಿಗ್ಗೆ ಒಂಬತ್ತರವರೆಗೆ ತೆರೆಯುವಂತಿರಲಿಲ್ಲ. ಯೋಂದೊನ್ ಅಲ್ಲಿನ ಅಂಗಡಿಗೆ ಹೋಗಿ ಖರೀದಿ ಮುಗಿಸಿದ. ದಕ್ಷಿಣದ ಸರಕನ್ನು ಅವನಷ್ಟು ಬೈಯುವವರು ಆ ಸಾಲಿನಲ್ಲೇ ಇರಲಿಲ್ಲ: ಬೋಲ್ಟು ಸವೆಯುತ್ತದೆ, ಝಿಪ್ಪು ಕಚ್ಚುತ್ತದೆ, ಸೇಬು ಸಪ್ಪೆ. ಹಾಗೆ ಬೈಯುವ ಬಾಯೊಂದನ್ನು ಬಿಟ್ಟರೆ ಅವನ ಲಾರಿಯಲ್ಲಿ ಇದ್ದದ್ದೆಲ್ಲ ದಕ್ಷಿಣದ್ದೇ. ಪೂಜ್ಯವಾದ ನೀಲಿ ರೇಷ್ಮೆಪಟ್ಟಿಯನ್ನೂ ಅಂಗಡಿಯವಳು ನೂರರ ಕಟ್ಟಿನಿಂದ ಎಳೆದುಕೊಟ್ಟಳು. ಅದರ ಅಂಚಿನ ಕಾರ್ಖಾನೆಯ ಚೀಟಿಯನ್ನು ಯೋಂದೊನ್ ಹಲ್ಲಿನಿಂದ ಕಿತ್ತು ಉಗುಳಿದ.

ಶನಿವಾರ ಬೆಳಿಗ್ಗೆ ಕಾಗದಗಳಾಗಿ ಈ ಕಡೆಯ ನೆಲ ಮುಟ್ಟುವಾಗ ಹತ್ತೂಕಾಲು. ಮುಂದೆ ಇನ್ನೂರ ನಲವತ್ತು ಕಿಲೋಮೀಟರ್ ದಾರಿ. ಗಾಳಿ ಹಿಂದಿನ ದಿನಕ್ಕಿಂತ ಜೋರಾಗಿತ್ತು. ಮೊಬೈಲ್ ಗೋಪುರದ ಸಿಗ್ನಲ್ ಸಿಕ್ಕ ಕಡೆ ನಿಲ್ಲಿಸಿ ಅವನು ಬೀಗನಿಗೆ ಫೋನ್ ಮಾಡಿದ.

"ಎಲ್ಲಿದೀರಿ ಬೀಗ್ರೇ?"

"ಗೇಟ್ ದಾಟಿದೆ."

"ನಮ್ಮ ಒಂಟೆ ಆಗಿದ್ರೆ ಇಷ್ಟೊತ್ತಿಗೆ ಹೋಗಿ ಬಂದು ಮರಿ ಹಾಕಿರೋದು. ಚಿಂತೆ ಮಾಡ್ಬೇಡಿ, ಪಕ್ಕದ ಬಿಡಾರದ ಪುರೆವ್ ಬಂದಿದಾನೆ. ಅವನೂ ಕುದುರೆ ವರ್ಷದೋನೇ."

"ಪುರೆವ್‌ಗೆ ಕೈ ನಡುಗತ್ತೆ!"

"ನಿಮಗೆ ಕಾಲು ನಡುಗತ್ತಂತಲ್ಲ, ಆಫೀಸರ್ ಬೂಟ್ ಮೇಲೆ."

ಸುದ್ದಿಗೆ ಮುದ್ರೆಯೂ ಇಲ್ಲ, ಸಾಲೂ ಇಲ್ಲ. ಯೋಂದೊನ್ ಫೋನನ್ನು ಜೇಬಿಗಿಟ್ಟು ವೇಗ ಹೆಚ್ಚಿಸಿದ. ಕುದುರೆಯ ವೇಳೆ ಒಂದು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಅವನು ಧೂಳಿನ ಗೋಡೆಯೊಂದರ ಹಿಂದೆ, ರಸ್ತೆ ಕಾಣದೆ, ದೀಪ ಹಚ್ಚಿಕೊಂಡು ನಿಂತಿದ್ದ. ಹಾಗೆ ನಿಂತ ಇಪ್ಪತ್ತೈದು ನಿಮಿಷ ಅವನು ಅರ್ಥಶಾಸ್ತ್ರದ ಬಗ್ಗೆ ಏನನ್ನೂ ಯೋಚಿಸಲಿಲ್ಲ.

ಬಿಡಾರ ತಲುಪಿದಾಗ ಮೂರು ಗಂಟೆ ಹತ್ತು ನಿಮಿಷ. ಮೊದಲು ಕಂಡದ್ದು ಒಂದು ವಿಚಿತ್ರ: ಗುಡಾರದ ನೆತ್ತಿಯ ಬೆಳಕಿಂಡಿಯ ಮೇಲೆ ಉಣ್ಣೆಯ ಮುಚ್ಚಳವನ್ನು, ಹಾಡುಹಗಲೇ, ಪೂರ್ತಿ ಎಳೆದು ಬಿಗಿಯಲಾಗಿತ್ತು. ಒಳಗೆ ಇಪ್ಪತ್ತೆರಡು ಜನ ಹಬ್ಬದ ನಿಲುವಂಗಿಗಳಲ್ಲಿ ಕತ್ತಲೆಯಲ್ಲಿ ಕೂತಿದ್ದರು. ಒಲೆಯ ಬೆಳಕು ಒಂದಿಷ್ಟು, ದೇವರ ಪೆಟ್ಟಿಗೆಯ ಮುಂದೆ ಒಂದು ದೀಪ. ಪುರೆವ್ ಬಾಗಿಲ ಬಳಿ ನಿದ್ದೆ ಹೋಗಿದ್ದ.

"ತಡವಾಯ್ತು," ಎಂದ ಯೋಂದೊನ್, ಹೊಸ್ತಿಲ ಒಳಗೆ ನಿಂತು. ಅವನ ಧ್ವನಿಯಲ್ಲಿ ಮಂತ್ರಿಯ ಗತ್ತು ಉಳಿದಿರಲಿಲ್ಲ. "ವೇಳೆ ಮೀರಿಹೋಯ್ತು, ಅಲ್ವಾ?"

"ಯಾರು ಹೇಳಿದ್ದು?" ಎಂದ ಶಾಗ್ದರ್, ಕೂತಲ್ಲಿಂದಲೇ. "ನಡುಹಗಲಿನ ಬಿಸಿಲು ಬೆಳಕಿಂಡಿಯಿಂದ ದೇವರ ಪೆಟ್ಟಿಗೆ ಮೇಲೆ ಬೀಳತ್ತೆ. ಅದು ಪೆಟ್ಟಿಗೆ ದಾಟಿದ್ದನ್ನ ಇಲ್ಲಿ ಯಾರಾದ್ರೂ ನೋಡಿದೀರಾ?"

ಯಾರೂ ನೋಡಿರಲಿಲ್ಲ.

"ಹಾಗಿದ್ಮೇಲೆ ದಾಟಿಲ್ಲ."

"ಮುಚ್ಚಳ ಯಾಕೆ ಹಾಕಿದ್ರಿ?"

"ಗಾಳಿ. ನಿಮ್ಮ ಕಲ್ಲಿದ್ದಲ ಧೂಳು ನಮ್ಮ ಚಹಾಕ್ಕೆ ಬೀಳ್ತಿತ್ತು."

ಬಲ್ಜಿದ್ ಗಂಡನ ಕಿವಿಯ ಬಳಿ ಪಿಸುಗುಟ್ಟಿದಳು: "ಹನ್ನೆರಡಕ್ಕೇ ಎಳೆದ್ರು. ಎಲ್ಲರ ಫೋನೂ ಇಸ್ಕೊಂಡು ಹಾಲಿನ ಬಕೆಟ್‌ಗೆ ಹಾಕಿ ಮುಚ್ಚಿಟ್ಟಿದಾರೆ. ಗಂಟೆ ಎಷ್ಟು ಅಂತ ಕೇಳಿದ ಪುರೆವ್‌ಗೆ ಬೈದು ಬೈದು, ಅವನು ಬೇಜಾರಾಗಿ ಮಲಗ್ಬಿಟ್ಟ."

ಯೋಂದೊನ್ ಮೂರು ಸಲ ಕೈ ತೊಳೆದ. ಮೂರನೆಯ ನೀರೂ ಬೂದಿಬಣ್ಣಕ್ಕೆ ತಿರುಗಿತು. ಮಿಠಾಯಿ ತಿಂದು ಸುಸ್ತಾಗಿದ್ದ ಜುಲ್‌ಳನ್ನು ಅಮ್ಮನ ಮಡಿಲಲ್ಲಿ ನೆಟ್ಟಗೆ ಕೂರಿಸಿದರು. ಅವಳು ದೀಪದ ಬೆಳಕಿನಲ್ಲಿ ಕತ್ತರಿಯನ್ನೂ, ಅದನ್ನು ಹಿಡಿದ ಬೆರಳುಗಳನ್ನೂ ಪರೀಕ್ಷಿಸಿದಳು.

"ಅಜ್ಜಾ, ನಿನ್ನ ಕೈ ಯಾಕೆ ಇಷ್ಟು ಕಪ್ಪು?"

"ಕೆಲಸ ಮಾಡಿದ್ದು ಪುಟ್ಟಾ."

"ಒಂಟೆ ತಾತನ ಕೈ ಕಪ್ಪಿಲ್ಲ."

"ಅದನ್ನೇ ನಾನೂ ಹೇಳೋದು," ಎಂದ ಯೋಂದೊನ್. ಆ ದಿನ ಅವನು ಆಡಿದ ಒಂದೇ ಕುಹಕ ಅದು. ಎಲ್ಲರಿಗಿಂತ ಜೋರಾಗಿ ನಕ್ಕವನು ಶಾಗ್ದರ್.

ಹಣೆಯ ಮೇಲಿನ ಎಳೆಯನ್ನು ಎಡಗೈಯಿಂದ ಎತ್ತಿ ಹಿಡಿದು ಯೋಂದೊನ್ ಕತ್ತರಿಸಿದ. ಕತ್ತರಿ ಒಂದೇ ಕಚ್ಚಿಗೆ ಎಳೆಯನ್ನು ತುಂಡರಿಸಿತು. ದಕ್ಷಿಣದ ಸರಕಿನ ಬಗ್ಗೆ ಅವನು ಏನೂ ಹೇಳಲಿಲ್ಲ. ಕೂದಲನ್ನು ರೇಷ್ಮೆಯಲ್ಲಿ ಸುತ್ತುವಾಗ ಬಲ್ಜಿದ್ ಗಮನಿಸಿದಳು, ಮಗುವಿನ ಹಣೆಯ ನಡುವೆ ಹೆಬ್ಬೆರಳಗಲದ ಕರಿ ಗುರುತು. ಅವಳು ನಿಲುವಂಗಿಯ ತೋಳನ್ನು ಸೆರಗಿನಂತೆ ಮುಂದೆ ತಂದು ಒರೆಸಲು ಹೋದಳು. ಶಾಗ್ದರ್ ತಡೆದ.

"ಇರ್ಲಿ ಬಿಡಿ. ಸಂಜೆ ಹೊರಗೆ ಕರ್ಕೊಂಡು ಹೋಗೋವಾಗ ಹೇಗೂ ಮಸಿ ಹಚ್ಬೇಕಿತ್ತಲ್ಲ. ಬೀಗ್ರು ಹಚ್ಕೊಟ್ಟಿದಾರೆ, ಮೊದಲ ದರ್ಜೆ ಮಾಲು."

ಆಮೇಲೆ ಕತ್ತರಿ ಕೈಯಿಂದ ಕೈಗೆ, ವಯಸ್ಸಿನ ಕ್ರಮದಲ್ಲಿ, ಗುಡಾರವನ್ನು ಸುತ್ತಿತು. ಎಲ್ಲರೂ ಒಂದೊಂದು ಎಳೆ ತೆಗೆದರು. ಪುರೆವ್ ಕೂಡ ಎದ್ದು ತೆಗೆದ, ಅವನ ಕೈ ನಡುಗಲಿಲ್ಲ. ಗುಲಾಬಿ ಕೋಟನ್ನು ತೊಡಿಸಿದಾಗ ಅದು ಮಗುವಿನ ಕಾಲ್ಬೆರಳನ್ನು ಮುಟ್ಟಿತು. ಒಂಟೆಮರಿ ಸವಾರಿಗೆ ಬೆಳೆಯಲು ಕಾಯಬೇಕಾದ ಹಾಗೆಯೇ, ಕೋಟಿಗೂ ಎರಡು ವರ್ಷ ಕಾಯಬೇಕೆಂದು ತೀರ್ಮಾನವಾಯಿತು. ಎಲ್ಲ ಮುಗಿದ ಮೇಲೆ ಶಾಗ್ದರ್ ಹೊರಗೆ ಹೋಗಿ ಹಗ್ಗ ಸಡಿಲಿಸಿ ಮುಚ್ಚಳವನ್ನು ತೆರೆದ. ಬಿಸಿಲು ದೇವರ ಪೆಟ್ಟಿಗೆಯನ್ನು ದಾಟಿ, ಪೂರ್ವದ ಗೋಡೆಯ ಪಾತ್ರೆಗಳ ಕಪಾಟಿನ ಮೇಲೆ, ಸಂಜೆಯ ಹಾಲು ಕರೆಯುವ ಹೊತ್ತಿನ ಜಾಗಕ್ಕೆ ಬಿತ್ತು. ಇಪ್ಪತ್ತೆರಡು ಜನರೂ ಆ ಕಡೆ ನೋಡದೆ ತಮ್ಮ ತಮ್ಮ ಬಟ್ಟಲಿನ ಚಹಾವನ್ನು ನೋಡಿದರು.

ಆ ಪಯಣದ ಖರ್ಚು: ಡೀಸೆಲ್ ಇನ್ನೂರ ಅರವತ್ತು ಲೀಟರ್, ನಾಲ್ಕು ಲಕ್ಷ ತೊಂಬತ್ತನಾಲ್ಕು ಸಾವಿರ ತುಗ್ರಿಕ್. ಸಾಲಿನಲ್ಲಿ ಊಟ, ಬಹುಪಾಲು ಖಾಂಡ್ಮಾಳ ಹುಶೂರ್, ಅರವತ್ತೆರಡು ಸಾವಿರ. ಫೋನಿಗೆ ಹತ್ತು ಸಾವಿರ. ಗಡಿಯಾಚೆ ಕತ್ತರಿ ಹನ್ನೆರಡು ಯುವಾನ್, ರೇಷ್ಮೆಪಟ್ಟಿ ಹದಿನೆಂಟು, ಕೋಟು ತೊಂಬತ್ತು, ಮಿಠಾಯಿ ಮೂವತ್ತು; ಆ ದಿನದ ದರದಲ್ಲಿ ಐವತ್ತೈದು ಸಾವಿರದ ಎಂಟುನೂರು ತುಗ್ರಿಕ್. ಒಟ್ಟು ಆರು ಲಕ್ಷದ ಇಪ್ಪತ್ತೊಂದು ಸಾವಿರದ ಎಂಟುನೂರು.