ಅಕ್ಕನಿಗೆ ನಾನು ಕುಡಿಸಿದ ನೀರು

ಅಡುಗೆಮನೆಯ ಸಿಂಕಿನ ಕೆಳಗೆ ಕೂಡಿಸಿದ ನೀರು ಶುದ್ಧ ಮಾಡುವ ಯಂತ್ರಕ್ಕೆ ಹದಿನೈದು ಸಾವಿರ ಕೊಟ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ಅದು ಸಣ್ಣ ದುಡ್ಡಲ್ಲ. ಚೌಕಾಸಿ ಮಾಡಲಿಲ್ಲ, ಹೇಳಿದಷ್ಟು ಎಣಿಸಿಕೊಟ್ಟೆ. ಯಾಕೆಂದರೆ ನನ್ನ ಅಕ್ಕನ ಕುತ್ತಿಗೆ ತಿರುಗುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ, ಇಕ್ಕಟ್ಟಾದ ಓಣಿಯಲ್ಲಿ ಬಂಡಿ ತಿರುಗಿಸಿದ ಹಾಗೆ, ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ಇಟ್ಟು ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಬೆನ್ನು ಬಾಗಿ ಮುಖ ನೆಲ ನೋಡುತ್ತಿತ್ತು. ಮಾತಾಡುವವರ ಕಡೆಗೆ ಕಣ್ಣು ಮಾತ್ರ ಮೇಲಕ್ಕೆ ಬರುತ್ತಿತ್ತು.

ಇದೇ ಅಕ್ಕ, ನಾವು ಮೊದಲಿದ್ದ ಚಿತ್ತವಾಡ್ಗಿಯಲ್ಲಿ, ತಲೆಯ ಮೇಲೊಂದು, ಟೊಂಕದ ಮೇಲೊಂದು ತಾಮ್ರದ ಕೊಡ ಹೊತ್ತು ಕಾಲುವೆಯಿಂದ ಮನೆಗೆ ಬರುವಾಗ, ದಾರಿಯಲ್ಲಿ ಯಾರ ಬಾಯಿಗೂ ಉತ್ತರ ಬಾಕಿ ಇಡುತ್ತಿರಲಿಲ್ಲ. ಅವ್ವ ಹೋದಾಗ ನನಗೆ ಆರು ವರ್ಷ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕನಿಗೆ ಇಪ್ಪತ್ತೂ ತುಂಬಿರಲಿಲ್ಲ. ಅವಳೇ ನನ್ನನ್ನು ಬೆಳೆಸಿದಳು. ಕಾಲುವೆಗೆ ಹೊಸ ನೀರು ಬಿಟ್ಟಾಗ ಅದು ಚಹಾದ ಬಣ್ಣಕ್ಕಿರುತ್ತಿತ್ತು. ಅಕ್ಕ ಚಿಲ್ಲದ ಬೀಜವನ್ನು ಕಲ್ಲಿನ ಮೇಲೆ ತೇಯ್ದು, ಆ ಗಂಧವನ್ನು ಕೊಡದ ಒಳಮೈಗೆ ಸವರಿ ನೀರು ತುಂಬುತ್ತಿದ್ದಳು. ಸ್ವಲ್ಪ ಹೊತ್ತಿಗೆ ರಾಡಿಯೆಲ್ಲ ತಳಕ್ಕೆ ಕೂತು, ಮೇಲಿನ ನೀರು ತಿಳಿಯಾಗುತ್ತಿತ್ತು. ನಾನು ಅವಸರ ಮಾಡಿದರೆ ಕೈಮೇಲೆ ಒಂದು ಏಟು.

“ನೀರು ತಿಳಿ ಆಗೋ ತನಕ ಬಾಯಿ ಒಣಗ್ಲಿ, ಸಾಯಂಗಿಲ್ಲ ನೀನು!”

ವ್ಯಾಪಾರವನ್ನೂ ಅವಳೇ ಕಲಿಸಿದಳು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನನ್ನ ಕಿವಿ ಹಿಂಡಿ ಹೇಳಿದ್ದಳು: “ಮೊದಲ್ನೇ ಮಾತು ನೀ ಆಡಬ್ಯಾಡ. ಅವನೇ ರೇಟು ಹೇಳ್ಲಿ. ಅವ ಏನಂದ್ರೂ ನಂಬಬ್ಯಾಡ.” ಈ ಬುದ್ಧಿಯನ್ನು ಗಂಟು ಕಟ್ಟಿಕೊಂಡೇ ನಾನು ಬೆಲ್ಲದ ಮೂಟೆ ಹೊರುವವನಿಂದ ಪೈಪು, ಪಂಪ್‌ಸೆಟ್ಟಿನ ಅಂಗಡಿಯವರೆಗೆ ಬಂದದ್ದು. ಕಾಲುವೆಯ ಬದಿಯ ರೈತರ ಕೈಯಲ್ಲಿ ಆಗ ಭತ್ತದ ದುಡ್ಡು, ಕಬ್ಬಿನ ದುಡ್ಡು ಓಡಾಡುತ್ತಿತ್ತು. ಕಾಲುವೆ ಮುಟ್ಟದ ಊರುಗಳವರು ಬೋರು ಕೊರೆಸುತ್ತಿದ್ದರು. ಇಬ್ಬರೂ ನನ್ನ ಅಂಗಡಿಗೇ ಬರಬೇಕು.

ಎಪ್ಪತ್ತರ ದಶಕದ ಕೊನೆಯಲ್ಲಿ ಸಂಡೂರು ರಸ್ತೆಯ ಕಡೆಗೆ, ಗುಡ್ಡದ ಬುಡದಲ್ಲಿ ಜಾಗ ಹಿಡಿದು ಮನೆ ಕಟ್ಟಿಸಿದೆ. ಅಲ್ಲಿಗೆ ನಲ್ಲಿ ಇರಲಿಲ್ಲ, ಕಾಲುವೆಯೂ ದೂರ. ಬೋರು ಕೊರೆಸಿದೆ. ಬಂಡೆ ಸೀಳಿ ಮೇಲೆ ಬಂದ ನೀರು ಕನ್ನಡಿಯ ಹಾಗಿತ್ತು. ಆದರೂ ಅಕ್ಕ ಒಪ್ಪಬೇಕಲ್ಲ. ನಮ್ಮ ಕಡೆಯ ಹೆಂಗಸರಿಗೆ ನೀರಿನ ಪರೀಕ್ಷೆ ಅಂದರೆ ಒಂದೇ, ತೊಗರಿಬೇಳೆ. ಬೇಳೆ ಬೇಯಿಸದ ನೀರು ಕುಡಿಯುವ ನೀರಲ್ಲ. ಅಕ್ಕ ಹೊಸ ಮನೆಯಲ್ಲಿ ಮೊದಲು ಒಲೆಗಿಟ್ಟದ್ದು ಹಾಲಲ್ಲ, ಬೇಳೆ. ಸ್ವಲ್ಪ ಹೊತ್ತಿಗೇ ಹುಟ್ಟು ಹಿಡಿದು ಹೊರಗೆ ಬಂದಳು.

“ತಮ್ಮಾ, ಬ್ಯಾಳಿ ಬೆಣ್ಣಿ ಆಗೇತಿ ನೋಡು! ಕಾಲುವಿ ನೀರಾಗೂ ಇಷ್ಟು ಜಲ್ದಿ ಬೇಯ್ತಿದ್ದಿಲ್ಲ.”

“ಇನ್ನರ ಕೊಡ ಇಳಿಸ್ತೀಯೇನು?”

“ಇಳಿಸಿದೆ ಬಿಡು. ನಿನ್ನ ಪುಣ್ಯದಾಗ ಇನ್ನ ಕುಂತ್ ಕುಡೀತೀನಿ.”

ಆ ದಿನದಷ್ಟು ಬೀಗಿದ್ದು ನಾನು ಬೇರೆ ದಿನ ಇಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದೆ: ನಮ್ಮ ಮನೆಗೆ ಬಂದು ಒಂದು ಲೋಟ ನೀರು ಕುಡಿದು ನೋಡಿ, ಆಮೇಲೆ ಪಂಪು ಕೊಳ್ಳಿ.

ಕೆಲವು ತಿಂಗಳಾದ ಮೇಲೆ ಅಕ್ಕ ತಟ್ಟೆ ಮುಂದಿಟ್ಟು ಕೇಳಿದಳು, “ಅನ್ನ ಯಾಕೋ ಹಳದಿ ಹೊಡ್ಯಾಕತ್ತೈತಿ, ನೋಡೋ.” ಹೌದು, ತುಸು ಹಳದಿ ಇತ್ತು. ನನಗೆ ತಕ್ಷಣ ಹೊಳೆದದ್ದು ಅಕ್ಕಿ. ಮೂಟೆ ಹೇರಿಕೊಂಡು ಕಂಪ್ಲಿಗೆ ಹೋಗಿ ಮಿಲ್ಲಿನ ಸಾವ್ಕಾರನನ್ನು ಹಿಡಿದೆ.

“ನಮ್ಮ ಅಕ್ಕಿ ಮಲ್ಲಿಗಿ ಹೂ ಹಂಗ ಅದಾವ್ರೀ. ನಿಮಗ ಕಾಮಾಲಿ ಆಗೇತೇನು, ಕಂಡದ್ದೆಲ್ಲ ಹಳದಿ ಕಾಣಾಕ?” ಎಂದು ನಕ್ಕ ಆತ, ಅಲ್ಲೇ ಒಲೆ ಹಚ್ಚಿಸಿ ನನ್ನ ಮೂಟೆಯ ಅಕ್ಕಿಯನ್ನೇ ಬೇಯಿಸಿ ತೋರಿಸಿದ. ಅನ್ನ ಬೆಳ್ಳಗೆ ಅರಳಿತು. “ಅಕ್ಕಿ ನೋಡಬ್ಯಾಡ್ರಿ, ನಿಮ್ಮ ನೀರು ನೋಡ್ಕೊಳ್ರಿ” ಎಂದ.

ನಾನು ನಂಬಲಿಲ್ಲ. ಮಾಲು ಮಾರುವವನ ಬಾಯಿಂದ ಇಂಥ ಮಾತು ಎಷ್ಟು ಕೇಳಿಲ್ಲ! ಜಗಳಾಡಿ ಮೂಟೆಗಿಷ್ಟು ಎಂದು ಬೆಲೆ ಇಳಿಸಿಕೊಂಡು, ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಆ ಮನುಷ್ಯ ಅವತ್ತು ಪುಕ್ಕಟೆಯಾಗಿ ಕೊಟ್ಟದ್ದು ನನ್ನ ಅಕ್ಕನ ಜೀವ. ನಾನು ಅದನ್ನು ಅಲ್ಲೇ ಬಿಟ್ಟು ರೇಟು ತಂದೆ.

ವರ್ಷಗಳು ಹೋದವು. ಮೊದಲು ಅವಳ ಮಂಡಿ ಹಿಡಿಯಿತು, ನೆಲಕ್ಕೆ ಕೂರುವುದು ಬಿಟ್ಟಳು. ಆಮೇಲೆ ಟೊಂಕ. ಬಾಗಿಲ ರಂಗೋಲಿ ಪಕ್ಕದ ಮನೆಯವರು ಹಾಕಿಕೊಡುವಂತಾಯಿತು. ವಯಸ್ಸು ಅಂದೆವು, ವಾಯು ಅಂದೆವು. ಎಣ್ಣೆ ತಿಕ್ಕಲು ಮೆಟ್ರಿಯಿಂದ ಬರುತ್ತಿದ್ದವನು, ವಾಯುವಿಗೆ ಚೆನ್ನಾಗಿ ನೀರು ಕುಡಿಯಬೇಕು ಎಂದ. ಒಳ್ಳೆಯ ನೀರು ಕುಡಿಯಲಿ ಎಂದು ನಾನು ಬೊಂಬಾಯಿ ಮಾಲಿನ ಸ್ಟೀಲಿನ ಫಿಲ್ಟರ್ ತಂದೆ, ಬೆಳ್ಳನೆಯ ಕ್ಯಾಂಡಲ್ ಇರುವಂಥದು. ಕೆಲವು ವರ್ಷಕ್ಕೆ ಅದನ್ನು ತೆಗೆದು, ಗೋಡೆಗೆ ಕೂಡಿಸುವ ಕರೆಂಟಿನ ಫಿಲ್ಟರ್ ಹಾಕಿಸಿದೆ. ಒಳಗೊಂದು ದೀಪ ಉರಿದು ಹುಳ ಸಾಯುತ್ತವೆ ಎಂದಿದ್ದರು. ಪ್ರತಿ ಸಲ ಮೊದಲ ಲೋಟ ಅಕ್ಕನಿಗೆ. ಅವಳು ಗೋಡೆ ಹಿಡಿದು ನಿಂತು, ಕುತ್ತಿಗೆ ಎತ್ತಲಾಗದೆ, ಲೋಟವನ್ನೇ ಓರೆ ಮಾಡಿ ಹೀರುತ್ತಿದ್ದಳು.

“ನಮ್ಮ ತಮ್ಮನ ನೀರು. ಇನ್ನೊಂದು ಲೋಟ ಹಾಕು.”

ಮನೆಯಲ್ಲಿ ನಾವಿಬ್ಬರೇ. ನಾನು ಮದುವೆಯನ್ನು ಮುಂದೂಡುತ್ತ ಹೋಗಿ ಕೊನೆಗೆ ಆಗಲೇ ಇಲ್ಲ. ಹಗಲೆಲ್ಲ ಅಂಗಡಿಯಲ್ಲಿರುತ್ತಿದ್ದೆ, ಅಲ್ಲಿ ನಲ್ಲಿಯ ಹೊಳೆ ನೀರು. ಬೋರಿನ ನೀರನ್ನು ದಿನವೆಲ್ಲ ಕುಡಿದವಳು, ಮೂರು ಹೊತ್ತೂ ಅದರಲ್ಲೇ ಬೇಯಿಸಿಕೊಂಡು ಉಂಡವಳು ಅವಳೊಬ್ಬಳೇ. ಅದಕ್ಕೇ ನಾನು ನೆಟ್ಟಗೆ ನಿಂತಿದ್ದೇನೆ.

ಕೊನೆಗೆ ಬಳ್ಳಾರಿಯಲ್ಲಿ ಒಬ್ಬ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೆನ್ನಿನ ಎಲುಬುಗಳು ಒಂದಕ್ಕೊಂದು ಬೆಸೆದುಕೊಂಡದ್ದನ್ನು ತೋರಿಸಿ, “ಯಾವ ನೀರು ಕುಡೀತೀರಿ?” ಎಂದರು. ನಾನು ಅಲ್ಲಿಯೂ ಹೆಮ್ಮೆಯಿಂದಲೇ ಫಿಲ್ಟರಿನ ವರ್ಣನೆಗೆ ಇಳಿದೆ. ಅವರು ಕೈ ಎತ್ತಿ ತಡೆದರು.

“ಚಹಾ ಸೋಸಿದ್ರ ಪುಡಿ ನಿಲ್ತೈತಿ, ಸಕ್ರಿ ನಿಲ್ತೈತೇನ್ರಿ? ನಿಮ್ಮ ಬೋರಿನ ನೀರಾಗ ಫ್ಲೋರೈಡ್ ಕರಗಿರಬೇಕು. ಅದು ಬಟ್ಟಿಗೆ ನಿಲ್ಲಂಗಿಲ್ಲ, ಕ್ಯಾಂಡಲ್ಲಿಗೆ ನಿಲ್ಲಂಗಿಲ್ಲ, ದೀಪಕ್ಕೆ ಸಾಯಂಗಿಲ್ಲ.”

ನೀರು ಪರೀಕ್ಷೆಗೆ ಹೋಯಿತು. ಅವರು ಹೇಳಿದ್ದೇ ನಿಜವಾಯಿತು. ಫ್ಲೋರೈಡ್ ಹೆಚ್ಚಾಗಿ ಕರಗುವುದು ಕ್ಷಾರದ ನೀರಿನಲ್ಲಂತೆ; ಅಂಥ ನೀರಿನಲ್ಲಿ ಬೇಳೆ ಬೇಗ ಬೇಯುತ್ತದಂತೆ, ಅನ್ನ ಹಳದಿಯಾಗುತ್ತದಂತೆ. ಹದಿನೈದು ಸಾವಿರದ ಯಂತ್ರ ತಂದದ್ದು ಆಗ. ಅದು ಕರಗಿದ್ದನ್ನೂ ತೆಗೆಯುತ್ತದೆ. ಆದರೆ ಡಾಕ್ಟರು ಮೊದಲೇ ಹೇಳಿದ್ದರು, “ಎಲುಬಿನಾಗ ಕುಂತಿದ್ದು ಎದ್ದು ಹೋಗಂಗಿಲ್ರಿ.”

ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಕಣ್ಣಷ್ಟೇ ಮೇಲಕ್ಕೆತ್ತಿ ಕೇಳಿದಳು:

“ನೀ ಪಂಪ್ ಮಾರಿದ ಮನಿಯಾಗೆಲ್ಲ ಹೆಂಗಸ್ರು ಅದಾರಲ್ಲೋ. ಅವರಿಗೆ ಹೇಳಿದೇನು?”

“ಹೇಳ್ತೀನಿ ಯಕ್ಕಾ.”

“ಯಾವಾಗ?”

“ಬ್ಯಾಸಗಿ ಕಳೀಲಿ.”

ಬೇಸಿಗೆ ಪಂಪು ಮಾರುವ ಕಾಲ. ಅವಳಿಗೆ ಅದು ಗೊತ್ತಿತ್ತು. ಮತ್ತೆ ಕೇಳಲಿಲ್ಲ. ಆ ಬೇಸಿಗೆ ದಾಟಲಿಲ್ಲ ಅವಳು. ಎದೆಗೂಡು ಬಿಗಿದು ಉಸಿರು ಸಣ್ಣಗಾಗುತ್ತ ಬಂದು, ಒಂದು ಮಧ್ಯಾಹ್ನ, ಒರಗಿಕೊಂಡಲ್ಲೇ ಹೋದಳು. ಚಟ್ಟದ ಮೇಲೆ ಅವಳನ್ನು ನೆಟ್ಟಗೆ ಮಲಗಿಸಲು ಆಗಲಿಲ್ಲ. ಮಗ್ಗುಲಾಗಿ ಮಲಗಿಸಿ ಹೊತ್ತೆವು.

ಅವಳ ದಿನಕರ್ಮ ಮುಗಿದ ಮೇಲೆ ಅಂಗಡಿಗೆ ಬೀಗ ಹಾಕಿ, ನನ್ನ ಪಂಪು ಕೊಂಡವರ ಊರುಗಳಿಗೆ ಹೋದೆ. ಕುರೆಕುಪ್ಪದ ಆಚೆ ಒಂದು ಹಟ್ಟಿಯಲ್ಲಿ ಒಬ್ಬ ಮುದುಕ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ಬೀಡಿ ಆರಿಸಿ ಹೇಳಿದ:

“ಪಂಪ್ ಮಾರೋವಾಗ ಗಂಗಿ ಅಂದಿ. ಈಗ ವಿಷ ಅಂತಿ. ಈಗೇನು ಮಾರಾಕ ಬಂದೀಪಾ, ಶೆಟ್ಟಿ?”

ಸುತ್ತ ಕೂತವರೆಲ್ಲ ನಕ್ಕರು. ಒಳಗೆ ಬಾಗಿಲಲ್ಲಿ ಒಬ್ಬ ಹೆಂಗಸು ಗೋಡೆ ಹಿಡಿದು ನಿಂತಿದ್ದಳು, ಅವಳು ನಗಲಿಲ್ಲ. ನಾನು ಹೋದ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಇದೇ ಆಯಿತು.

ಆದ್ದರಿಂದ ಓದುವವರಿಗೆ ಹೇಳುತ್ತೇನೆ: ನನ್ನ ಮಾತು ನಂಬಬೇಡಿ, ಫಿಲ್ಟರ್ ಮಾರುವವನ ಮಾತನ್ನೂ ನಂಬಬೇಡಿ. ಯಾವ ಯಂತ್ರಕ್ಕೂ ದುಡ್ಡು ಬಿಚ್ಚುವ ಮೊದಲು ನೀರನ್ನು ಪರೀಕ್ಷೆಗೆ ಕೊಡಿ. ಚೊಕ್ಕ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ತುಂಬಿಸಿರಿ. ಫ್ಲೋರೈಡ್ ನೋಡಿರಿ ಎಂದು ಬಾಯಿಬಿಟ್ಟು ಹೇಳಿರಿ, ಇಲ್ಲದಿದ್ದರೆ ಹುಳ ನೋಡಿ ಕಳಿಸಿಬಿಡುತ್ತಾರೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಇದೆ ಎಂದು ಗೊತ್ತಾದರೆ ಕುಡಿಯುವ ನೀರಷ್ಟೇ ಬದಲಿಸಿ ಸುಮ್ಮನಾಗಬೇಡಿ. ಅನ್ನ, ಸಾರು, ಅಂಬಲಿಗೂ ಬೇರೆ ನೀರೇ ಬೇಕು. ಯಂತ್ರ ಕೊಳ್ಳುವ ಶಕ್ತಿ ಇಲ್ಲವೇ, ಹೊಳೆಯ ನೀರು ತಂದು ಸೋಸಿ, ಕುದಿಸಿ ಕುಡಿಯಿರಿ, ದೂರವಾದರೂ ಚಿಂತೆಯಿಲ್ಲ. ಮತ್ತು ಪರೀಕ್ಷೆಯ ಚೀಟಿ ಕೈಗೆ ಬಂದ ದಿನವೇ ಪಕ್ಕದ ಮನೆಗೆ ಹೋಗಿ ಹೇಳಿರಿ. ಬೇಸಿಗೆ ಕಳೆಯಲಿ ಎಂದು ಕಾಯಬೇಡಿ.