ಎರಡು ಸುತ್ತು ಕತ್ತರಿಸಿದ ಸ್ಪ್ರಿಂಗು

ನಮ್ಮಣ್ಣ ಕೋದಂಡರಾಮಾಚಾರಿ ಕಟ್ಟಿದ ಎತ್ತಿನಗಾಡಿ ಒಬ್ಬರ ಕೈಕಾಲೂ ಮುರಿದಿಲ್ಲ. ಮುಳಬಾಗಿಲಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಅವನ ಕೆಲಸದಿಂದ ಹೋದ ಜೀವ ಒಂದೇ, ಅದು ನನ್ನ ಗಂಡಂದು. ಇಷ್ಟು ಕೇಳಿದ್ರೆ ಸಾಕು, ಜನ ಅವನನ್ನ ಬೈಯೋಕೆ ಶುರು ಮಾಡ್ತಾರೆ. ಬೈಯೋರ ಬಾಯಿಗೆ ಮಣ್ಣು ಹಾಕ! ಪೂರ್ತಿ ಕೇಳಿ ಆಮೇಲೆ ಮಾತಾಡ್ಲಿ.

ಯುದ್ಧ ಶುರುವಾದ ವರ್ಷ ಅದು. ನಮ್ಮೋರು ಕೋಲಾರದಲ್ಲಿ ಪೇಪರ್ ಏಜೆಂಟು. ಗಂಡನ ಹೆಸರು ನನ್ನ ಬಾಯಲ್ಲಿ ಬರಲ್ಲ, ಅಣ್ಣ ಅವರನ್ನ ಕದಿರೇಶ ಭಾವ ಅಂತಿದ್ದ. ಬೆಳಗ್ಗೆ ರೈಲಲ್ಲಿ ಬರೋ ಪೇಪರ್ ಕಟ್ಟುಗಳನ್ನ ಫಟ್‌ಫಟಿ ಅಂತೀವಲ್ಲ, ಆ ಮೋಟಾರ್ ಸೈಕಲ್ ಹಿಂದೆ ಬಿಗಿದು ಮುಳಬಾಗಿಲು, ಬೈರಕೂರಲ್ಲಿ ಹಂಚಿ, ಮಧ್ಯಾಹ್ನದ ಮೇಲೆ ಖಾಲಿ ಗಾಡೀಲಿ ವಾಪಸ್. ಯುದ್ಧದ ಸುದ್ದಿಗೆ ಜನ ಮುಗಿಬೀಳ್ತಿದ್ರು, ಕಟ್ಟು ದಿನೇ ದಿನೇ ದಪ್ಪ ಆಯ್ತು. ಹಿಂದೆ ಅಷ್ಟು ಭಾರ ಕೂತ್ರೆ ಮುಂದಿನ ಚಕ್ರ ಹಗುರ ಆಗೋದು. ತಿರುವಲ್ಲಿ ಹ್ಯಾಂಡಲ್ ತಿರುಗಿಸಿದ್ರೂ ಗಾಡಿ ನೆಟ್ಟಗೆ ಹೊಲಕ್ಕೆ ನುಗ್ಗೋದು. ಎರಡು ಸಲ ಬಿದ್ದು ಮಂಡಿ ತರಚಿಕೊಂಡು ಬಂದ್ರು.

ನಾನು ಮುಳಬಾಗಿಲಿಗೆ, ತವರಿಗೆ ಬಂದಿದ್ದಾಗ, ನಮ್ಮೋರು ಕರ್ಕೊಂಡು ಹೋಗೋಕೆ ಬಂದ ದಿನ, ಅಣ್ಣನಿಗೆ ಗಾಡಿ ತೋರಿಸಿದ್ರು.

"ಮುಂದೆ ಎತ್ತರ ಜಾಸ್ತಿ ಆಗಿದೆ ಭಾವ, ಇಳಿಸ್ತೀನಿ," ಅಂದ ಅಣ್ಣ.

ಮುಂದಿನ ಚಕ್ರದ ಮೇಲಿನ ದಪ್ಪ ಸ್ಪ್ರಿಂಗು ಬಿಚ್ಚಿ, ಎರಡು ಸುತ್ತು ಕತ್ತರಿಸಿ, ತುದಿ ಕಾಯಿಸಿ ಬಡಿದು ಮತ್ತೆ ಕೂರಿಸಿದ. ಗಾಡಿಯ ಮೂಗು ಎರಡು ಬೆರಳು ಕೆಳಗಿಳೀತು. ಹಿಂದೆ ರಾಗಿ ಮೂಟೆ ಕಟ್ಟಿ ಓಡಿಸಿ ನೋಡಿದ್ರು. ಹೇಳಿದ ಹಾಗೆ ತಿರುಗ್ತು. ನಮ್ಮೋರು ಖುಷಿಯಾಗಿ ಅಣ್ಣನನ್ನ ತಬ್ಕೊಂಡ್ರು.

ಎತ್ತಿನಗಾಡಿ ಕಟ್ಟೋರ ಪದ್ಧತಿನೇ ಅದು. ಭಾರ ಹೇರಿ ನೋಡಿಯೇ ಎತ್ತರ ಸರಿ ಮಾಡೋದು. ಖಾಲಿ ಗಾಡಿಗೆ ಯಾರು ತಲೆ ಕೆಡಿಸ್ಕೋತಾರೆ? ಎತ್ತು ತಾನೇ ಎಳ್ಕೊಂಡು ಮನೆ ಸೇರುತ್ತೆ. ಅಣ್ಣನೂ ಹಾಗೇ ಅಂದ್ಕೊಂಡು ಮೂಟೆ ಇಳಿಸಿದ.

ನಾನು ಸೀರೆ ಗಂಟು ಹಿಡಿದು ಹೊರಟು ನಿಂತಿದ್ದೆ. ನಮ್ಮೋರು ಅತ್ತಿಗೆ ಮುಂದೆ, "ತವರಿನ ಮುದ್ದೆ ತಿಂದು ಚೆನ್ನಾಗಿ ಮೈ ಬಂದಿದೆ. ಮೂಟೆ ಇಳಿಸಿದ್ದೇ ದಂಡ ಆಯ್ತು!" ಅಂದ್ರು. ಎಲ್ಲರೂ ಕಿಸಕ್ ಅಂದ್ರು. ನನಗೆ ಮೈಯೆಲ್ಲಾ ಉರೀತು.

"ಹಂಗಾದ್ರೆ ಆ ಮೂಟೇನೇ ಕರ್ಕೊಂಡ್ ಹೋಗಿ ಸಂಸಾರ ಮಾಡ್ರಿ!" ಅಂತ ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ.

"ತಮಾಷೆಗೆ ಅಂದೆ ಕಣೇ, ಬಾರೇ," ಅಂತ ಕಿಟಕಿ ಹತ್ರ ಬಂದು ಕರೆದ್ರು. ನಾನು ಮುಖ ತಿರುಗಿಸ್ಕೊಂಡೇ ಇದ್ದೆ. "ಸರಿ, ನಾಳೆ ಬರ್ತೀನಿ" ಅಂದ್ರು. ಒಂದು ಸಲ ತಿರುಗಿ ನೋಡಬಾರದಿತ್ತೇ ನಾನು? ನೋಡಲಿಲ್ಲ.

ಬೀದಿ ಕೊನೇಲಿ ಹ್ಯಾಂಡಲ್ ಗಡಗಡ ನಡುಗಿದ್ದು ಅಣ್ಣನ ಕಣ್ಣಿಗೆ ಬಿತ್ತಂತೆ. ಹಿಂದೆ ಭಾರ ಇಲ್ಲ, ಮೂಗು ಕೆಳಗಾಗಿದೆ, ಸ್ವಲ್ಪ ವೇಗ ಬಂದ್ರೂ ಮುಂದಿನ ಚಕ್ರ ಹಿಡಿತಕ್ಕೆ ಸಿಗಲ್ಲ. ಆಗ ಹೊಳೀತು ಅವನಿಗೆ. "ಭಾವಾ, ನಿಲ್ಸೂ!" ಅಂತ ಬರಿಗಾಲಲ್ಲಿ ಓಡಿದ. ಫಟ್‌ಫಟಿ ಸದ್ದಲ್ಲಿ ಅವನ ಕೂಗು ಯಾರಿಗೆ ಕೇಳ್ಬೇಕು!

ಕೋಲಾರದ ರಸ್ತೆಯ ಧೂಳಲ್ಲಿ ಚಕ್ರದ ಗೆರೆ ನೋಡ್ಕೊಂಡೇ ಓಡಿದ. ಮೊದಲು ಗೆರೆ ನೆಟ್ಟಗಿತ್ತು. ಆಮೇಲೆ ಅಲ್ಲಲ್ಲಿ ಅಲುಗಿತ್ತು. ಇಳಿಜಾರಲ್ಲಿ ಹಾವು ಹರಿದ ಹಾಗೆ ಆ ಕಡೆ ಈ ಕಡೆ ಹೊಡೆದಾಡಿ, ಕೆರೆ ಏರಿ ಅಂಚಲ್ಲಿ ಗೆರೆ ನಿಂತೇ ಹೋಗಿತ್ತು. ಕೆಳಗೆ ಕಲ್ಲಿನ ಮೇಲೆ ನಮ್ಮೋರು ಬಿದ್ದಿದ್ರು. ಉಸಿರಿರಲಿಲ್ಲ.

"ನಾನೇ ಕೊಂದೆ" ಅಂತ ಅಣ್ಣ ಊರೋರ ಎದುರಿಗೇ ಹೇಳಿದ. ನನ್ನನ್ನ ಮನೇಲೇ ಇಟ್ಕೊಂಡ. ಆಮೇಲೆ ಯಾವ ಗಾಡಿ ಕಟ್ಟಿದ್ರೂ ಖಾಲಿ ಓಡಿಸದೆ ಕೊಡ್ತಿರಲಿಲ್ಲ. ಪಕ್ಕದಲ್ಲೇ ನಡ್ಕೊಂಡು, ಚಕ್ರ ನೋಡ್ಕೊಂಡು ಕೆರೆ ತನಕ ಹೋಗಿ ಬರೋನು. ಜನ ಆಚಾರಿಗೆ ತಲೆ ಕೆಟ್ಟಿದೆ ಅಂದ್ರು.

ಏಳು ವರ್ಷ ನನ್ನ ಗಂಟಲಲ್ಲಿ ಒಂದು ಮಾತು ಸಿಕ್ಕಾಕ್ಕೊಂಡಿತ್ತು. ಒಂದಿನ ಕುಲುಮೆಗೆ ಊಟ ತಗೊಂಡು ಹೋದಾಗ ಕೇಳೇಬಿಟ್ಟೆ.

"ಅಣ್ಣಾ, ಅವತ್ತು ನಾನು ಹಿಂದೆ ಕೂತಿದ್ದಿದ್ರೆ?"

ನಾನು ಬಾಯಿ ಮುಚ್ಚೋದ್ರೊಳಗೆ, "ಇಬ್ರೂ ಹೋಗ್ತಿದ್ರಿ ಕಣೇ," ಅಂದುಬಿಟ್ಟ.

ತೂಕ ಗೊತ್ತಿಲ್ಲದ ಆಚಾರಿನಾ ನಮ್ಮಣ್ಣ? ನಾನು ಕೂತಿದ್ರೆ ಗಾಡಿ ಸರಿಯಾಗೇ ಹೋಗ್ತಿತ್ತು ಅಂತ ಅವನಿಗೆ ಗೊತ್ತು, ನನಗೂ ಗೊತ್ತು. ನಂಬಿದೋಳ ಹಾಗೆ ತಲೆ ಆಡಿಸಿದೆ. ಪಾಪ, ಆ ಸುಳ್ಳನ್ನ ಏಳು ವರ್ಷ ಬಾಯಲ್ಲೇ ಇಟ್ಕೊಂಡು, ನಾನು ಯಾವತ್ತು ಕೇಳಿಬಿಡ್ತೀನೋ ಅಂತ ಹೆದರ್ಕೊಂಡೇ ಕಾದಿದ್ದ.